ಕರೆಂಟ್ ಹೋದಾಗ ಪ್ರತಿಗಳ ಗತಿ: ದತ್ತಾಂಶ ಸಂಗ್ರಹದಲ್ಲಿ ವಿದ್ಯುತ್ ನಿಲುಗಡೆಯ ನಿರ್ವಹಣೆ

ಯಾದಗಿರಿ ತಾಲ್ಲೂಕಿನ ರಾಮಸಮುದ್ರದ ರೈತನ ಪಹಣಿ ಒಂದು ಕಾಲಕ್ಕೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿರುತ್ತಿತ್ತು. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಕೈಬರಹದ ಪ್ರತಿಗೆ ಮಾನ್ಯತೆ ಹೋಯಿತು. ಹೊಲದ ಒಡೆತನದ ಸಾಕ್ಷ್ಯ ಹೀಗೆ ವಿದ್ಯುತ್ತಿನ ಹಂಗಿಗೆ ಬಿತ್ತು. ಇಲ್ಲಿನ ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂ ಮುಂಚೆಯೇ ತಿಳಿಸುವ 'ವಿದ್ಯುತ್ ವ್ಯತ್ಯಯ' ಬೇರೆ, ಮಳೆಗಾಳಿಗೆ ಹೇಳದೆ ಕೇಳದೆ ಹೋಗುವ ಕರೆಂಟ್ ಬೇರೆ. ದತ್ತಾಂಶ ವ್ಯವಸ್ಥೆಗಳು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ದತ್ತಾಂಶದ ಪ್ರತಿಗಳು ಹೆಚ್ಚಿದಷ್ಟೂ ಸುರಕ್ಷೆ ಹೆಚ್ಚೆಂಬ ನಂಬಿಕೆ ಹೀಗೆ ತೂಗುವುದಕ್ಕಿಂತ ಅಪಾಯಕಾರಿ ಎಂಬುದು ಈ ಲೇಖನದ ವಾದ.

ಒಂದೇ ದತ್ತಾಂಶವನ್ನು ಮೂರು ಯಂತ್ರಗಳಲ್ಲಿಡುವ ಲೆಕ್ಕಾಚಾರ ಆ ಯಂತ್ರಗಳು ಬೇರೆಬೇರೆ ಹೊತ್ತಿನಲ್ಲಿ ಕೆಡುತ್ತವೆಂಬ ಊಹೆಯ ಮೇಲೆ ನಿಂತಿದೆ. ಕರೆಂಟ್ ಆ ಊಹೆಯನ್ನೇ ಮುರಿಯುತ್ತದೆ. ಒಂದೇ ಯುಪಿಎಸ್‌ಗೆ ಜೋಡಿಸಿದ ಮೂರು ಸರ್ವರ್‌ಗಳು ವಿದ್ಯುತ್ತಿನ ದೃಷ್ಟಿಯಲ್ಲಿ ಒಂದೇ ಸರ್ವರ್. ಹಡೂಪ್, ಕಾಫ್ಕಾ ಎಂಬ ದತ್ತಾಂಶ ತಂತ್ರಾಂಶಗಳ ಮೂಲ ಸಂಯೋಜನೆಯಲ್ಲಿ ಪ್ರತಿ ಬರಹವೂ ತಕ್ಷಣ ಡಿಸ್ಕಿಗೆ ಇಳಿಯಲೇಬೇಕೆಂಬ ಕಟ್ಟುನಿಟ್ಟಿಲ್ಲ. ಹಲವು ಯಂತ್ರಗಳ ಮೆಮೊರಿಗೆ ತಲುಪಿದರೆ ಸಾಕೆಂಬ ಭರವಸೆ ಅಲ್ಲಿದೆ. ಎಲ್ಲವೂ ಒಮ್ಮೆಗೇ ಆರಿದರೆ ಆ ಭರವಸೆ ಉಳಿಯುವುದಿಲ್ಲ. ಕರೆಂಟ್ ಮರಳಿದ ಮೇಲೂ ನೂರರಲ್ಲೊಂದು ಯಂತ್ರ ಏಳದಿರಬಹುದು. ಆಸಾಫ್ ಸಿಡಾನ್ ಮತ್ತು ಸಂಗಡಿಗರ 2013ರ ಅಧ್ಯಯನದ ಪ್ರಕಾರ, 5,000 ಯಂತ್ರಗಳ ವ್ಯವಸ್ಥೆಯಲ್ಲಿ ಪ್ರತಿಗಳನ್ನು ಮನಬಂದಂತೆ ಹರಡಿದ್ದರೆ ಇಂಥ ನಿಲುಗಡೆಯಲ್ಲಿ ದತ್ತಾಂಶ ನಷ್ಟದ ಸಂಭವ ಶೇ. 99.99, ಕೆಲವೇ ನಿಗದಿತ ಗುಂಪುಗಳಲ್ಲಿಟ್ಟರೆ ಶೇ. 0.15. ನಷ್ಟವಾದ ದಿನ ಮಾತ್ರ ಅದರ ಪ್ರಮಾಣ ದೊಡ್ಡದಿರುತ್ತದೆ. ಪಹಣಿಯಂಥ ದಾಖಲೆಗೆ ನಿಗದಿತ ಗುಂಪುಗಳ ಕ್ರಮವೇ ಮೇಲೆಂದು ನನಗೆ ತೋರುತ್ತದೆ.

ದೂರದ ಊರಿನಲ್ಲಿ ಪ್ರತಿಯಿಟ್ಟರೆ ಸಾಕೆ? 2012ರ ಜುಲೈ 30, 31ರಂದು ಉತ್ತರ ಭಾರತದ ಗ್ರಿಡ್ ಕುಸಿದಾಗ ದಕ್ಷಿಣ ಪಾರಾಯಿತು. ದಕ್ಷಿಣದ ಗ್ರಿಡ್ ಆಗಿನ್ನೂ ಉತ್ತರದೊಂದಿಗೆ ಒಂದೇ ಲಯದಲ್ಲಿ ಓಡುವ ಜಾಲಕ್ಕೆ ಸೇರಿರಲಿಲ್ಲ. ಯಾದಗಿರಿಯ ನೆರೆಯ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ 765 ಕೆ.ವಿ. ಮಾರ್ಗ 2013ರ ಡಿಸೆಂಬರ್ 31ರಂದು ಆ ಬೆಸುಗೆ ಹಾಕಿತು. ಈಗ ನೂರಾರು ಮೈಲಿ ಅಂತರವೂ ವಿದ್ಯುತ್ ಸ್ವಾತಂತ್ರ್ಯವನ್ನು ಖಾತ್ರಿಪಡಿಸದು. ಪ್ರತಿ ಕೇಂದ್ರಕ್ಕೂ ತನ್ನದೇ ಜನರೇಟರ್ ಬೇಕು.

ಬರಹದ ನಡುವೆಯೇ ಕರೆಂಟ್ ಹೋಗುವ ಅಪಾಯವೂ ಇದೆ. ಖಾತೆ ಬದಲಾವಣೆಯಲ್ಲಿ ಮಾರಿದವನ ಹೆಸರು ತೆಗೆದು ಕೊಂಡವನ ಹೆಸರು ಸೇರಿಸುವ ನಡುವೆ ಕರೆಂಟ್ ಹೋಯಿತೆನ್ನೋಣ. ಬದಲಾವಣೆಯನ್ನು ಮೊದಲು ಲಾಗ್‌ನಲ್ಲಿ ಬರೆದಿಡುವ ಪದ್ಧತಿಯಿದ್ದರೆ ಎರಡೂ ಆಗಿರುತ್ತವೆ, ಇಲ್ಲವೇ ಎರಡೂ ಆಗಿರುವುದಿಲ್ಲ. ಆದರೆ ಬರೆಯದೆಯೇ ಬರೆದೆನೆಂದು ಡಿಸ್ಕ್ ಸುಳ್ಳು ಹೇಳಬಾರದು. 2013ರಲ್ಲೇ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ ವಿದ್ಯುತ್ ಕಡಿತಕ್ಕೊಡ್ಡಿದ 15 ಎಸ್‌ಎಸ್‌ಡಿ ಡಿಸ್ಕ್‌ಗಳಲ್ಲಿ 13 ದೋಷ ತೋರಿದವು. ಅರೆಬರೆ ಬರಹ ಪೂರೈಸುವಷ್ಟು ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಉಳ್ಳ ಡಿಸ್ಕ್‌ಗಳ ಬೆಲೆ ಹೆಚ್ಚು. ಅಗ್ಗದ ಟೆಂಡರಿನಲ್ಲಿ ಮೊದಲು ಬಿಟ್ಟುಹೋಗುವುದೂ ಅವೇ.

ಇನ್ನು ಪ್ರಕಟಣೆ ಕೊಟ್ಟು ಮಾಡುವ ನಿಲುಗಡೆ. ಸೆಫ್ ಎಂಬ ದತ್ತಾಂಶ ಸಂಗ್ರಹ ವ್ಯವಸ್ಥೆಯಲ್ಲಿ ಡಿಸ್ಕೊಂದು 600 ಸೆಕೆಂಡು ಕಾಣೆಯಾದರೆ ಅದರ ದತ್ತಾಂಶವನ್ನು ಬೇರೆಡೆ ನಕಲಿಸುವ ಕೆಲಸ ಶುರುವಾಗುತ್ತದೆ. ಎರಡು ಗಂಟೆಯ ದುರಸ್ತಿಗಾಗಿ ಕೆಲವು ಯಂತ್ರ ಆರಿಸಿದಾಗ ಇದು ಬರೀ ದಂಡದ ದುಡಿಮೆ. 'ನೋಔಟ್' ಗುರುತು ಹಾಕಿ ತಡೆಯಬೇಕು. ಆಮೇಲೆ ಹೊಸ ಅರ್ಜಿ ನಿಲ್ಲಿಸಿ, ಮುಖ್ಯ ಪ್ರತಿಯ ಅಧಿಕಾರವನ್ನು ಉಳಿಯುವ ಯಂತ್ರಕ್ಕೆ ವರ್ಗಾಯಿಸಿ, ಬಾಕಿ ಬರಹವನ್ನು ಡಿಸ್ಕಿಗಿಳಿಸಿ ಆರಿಸಬೇಕು. ಯುಪಿಎಸ್ ಬ್ಯಾಟರಿ ಈ ಕ್ರಮ ಮುಗಿಸುವುದಕ್ಕೆ ಮೀಸಲಿರಲಿ. ಅದು ಅರ್ಧ ಇಳಿದಾಗಲೂ ಪಹಣಿ ಮುದ್ರಣ ಮುಂದುವರಿಸುವ ಕಚೇರಿ ಆ ಅವಕಾಶ ಕಳೆದುಕೊಳ್ಳುತ್ತದೆ.

ಪೂರ್ತಿ ಆರಿಸಿದ ಯಂತ್ರಗಳ ಗುಂಪನ್ನು ಮತ್ತೆ ಎಬ್ಬಿಸುವಾಗ ಕೊನೆಗೆ ಆರಿದ ಯಂತ್ರವೇ ಮೊದಲು ಏಳಬೇಕು. ಮೊದಲೇ ಆರಿದ್ದ ಹಳೆಯ ಪ್ರತಿ ಮುಂದಾಳಾದರೆ ನಡುವೆ ದಾಖಲಾದ ಖಾತೆ ಬದಲಾವಣೆಗಳು ಅಳಿಯುತ್ತವೆ. ಗಲೇರಾ ಎಂಬ ಡೇಟಾಬೇಸ್ ವ್ಯವಸ್ಥೆಯಲ್ಲಿ ಕ್ರಮವಾಗಿ ಕೊನೆಗೆ ನಿಂತ ಸರ್ವರ್ ಮಾತ್ರ 'ಇಲ್ಲಿಂದ ಆರಂಭಿಸಬಹುದು' ಎಂಬ ಗುರುತು ಉಳಿಸಿಕೊಳ್ಳುತ್ತದೆ. ಎಲ್ಲವೂ ದಿಢೀರನೆ ಆರಿದರೆ ಯಾವುದಕ್ಕೂ ಆ ಗುರುತಿಲ್ಲ. ನಿರ್ವಾಹಕರೇ ಪ್ರತಿಯೊಂದರ ಕೊನೆಯ ಕ್ರಮಸಂಖ್ಯೆ ಹೋಲಿಸಿ ಮುಂದಿರುವುದನ್ನು ಮೊದಲು ಎಬ್ಬಿಸಬೇಕು. ಎರಡೇ ಯಂತ್ರಗಳಿದ್ದರೆ ಬಹುಮತವೂ ಇಲ್ಲ. ಮೂರನೆಯದು ಸಾಕ್ಷಿಯಾಗಿಯಾದರೂ ಬೇರೆ ಕಟ್ಟಡದಲ್ಲಿರಬೇಕು.

ಸರ್ಕಾರಿ ದತ್ತಾಂಶ ಕೇಂದ್ರಗಳ ಟೆಂಡರ್ ಬರೆಯುವವರು ಎಷ್ಟು ಪ್ರತಿ ಎಂದು ಕೇಳಿದರೆ ಸಾಲದು. ಅವು ಯಾವ ಫೀಡರ್, ಯಾವ ಯುಪಿಎಸ್, ಯಾವ ಜನರೇಟರಿನ ಮೇಲಿವೆ ಎಂಬುದನ್ನೂ ಬರೆಸಿಕೊಳ್ಳಲಿ. ವರ್ಷಕ್ಕೊಮ್ಮೆ ಮುಖ್ಯ ಸ್ವಿಚ್ ಆರಿಸಿ ನೋಡುವ ಷರತ್ತನ್ನೂ ಸೇರಿಸಲಿ.