ಬ್ರಾಂಕ್ಸ್‌ನ ಎರಡು ತಟ್ಟೆಗಳು

ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶವನ್ನು ಸೀಳಿಕೊಂಡು ಹೋದ ಹೆದ್ದಾರಿಯ ಕಾಮಗಾರಿ 1948ರಲ್ಲಿ ಶುರುವಾಗಿ ಮುಗಿಯುವಷ್ಟರಲ್ಲಿ ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡಿದ್ದವು. ಹಿಪ್ ಹಾಪ್ ಹುಟ್ಟಿದ್ದು ಅಲ್ಲಿ ಉಳಿದ ಬಡವರ ಮಧ್ಯೆ. ಅದನ್ನು ಬರೀ ಸಿಟ್ಟಿನ ಸಂಗೀತವೆಂದು ಹೇಳುವುದು ರೂಢಿ. ಆ ಸಿಟ್ಟಿಗೆ ದನಿ ಕೊಟ್ಟ ಯಂತ್ರಗಳನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡದಲ್ಲೊಂದು ಪಾರ್ಟಿ. ಏರ್ಪಡಿಸಿದ್ದವಳು ಸಿಂಡಿ, ರೆಕಾರ್ಡ್ ಹಾಕುತ್ತಿದ್ದವನು ಜಮೈಕಾದಲ್ಲಿ ಹುಟ್ಟಿದ ಅವಳ ಅಣ್ಣ ಕ್ಲೈವ್ ಕ್ಯಾಂಪ್‌ಬೆಲ್, ಅಂದರೆ ಡಿಜೆ ಕೂಲ್ ಹರ್ಕ್. ಹಾಡು ನಿಂತು ಬರೀ ಡ್ರಮ್ ಮಾತಾಡುವ ಕೆಲವೇ ಸೆಕೆಂಡುಗಳಿಗಾಗಿ ಕುಣಿಯುವವರು ಕಾಯುತ್ತಾರೆಂಬುದನ್ನು ಹರ್ಕ್ ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಪ್ಲೇಯರ್‌ಗಳಲ್ಲಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ನುಡಿಸುವ ಉಪಾಯವನ್ನು ಬೆಳೆಸಿದವನು ಅವನೇ.

ಆದರೆ ತಾಳ ತಪ್ಪುತ್ತಿತ್ತು. ಅದನ್ನು ಸರಿಪಡಿಸಿದವನು ವೃತ್ತಿಶಿಕ್ಷಣ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ಎರಡನೆಯ ತಟ್ಟೆಯಲ್ಲಿ ಮುಂದೇನಿದೆ ಎಂಬುದನ್ನು ಜನರಿಗಿಂತ ಮೊದಲು ತಾನೊಬ್ಬನೇ ಇಯರ್‌ಫೋನಿನಲ್ಲಿ ಕೇಳಲು ಆತ ಸ್ವಿಚ್ಚೊಂದನ್ನು ಜೋಡಿಸಿಕೊಂಡ. ತಟ್ಟೆಯ ಮೇಲೆ ಬಣ್ಣದ ಗುರುತು ಹಾಕಿದ. ಬೆಲ್ಟಿನಿಂದ ತಿರುಗುವ ಪ್ಲೇಯರ್‌ಗಳು ವೇಗ ಹಿಡಿಯಲು ತಡಮಾಡುತ್ತಿದ್ದವು. ಮೋಟಾರೇ ನೇರವಾಗಿ ತಿರುಗಿಸುವ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಜಪಾನೀ ಪ್ಲೇಯರ್ 1972ರಲ್ಲೇ ಬಂದಿತ್ತು. ಮನೆಯಲ್ಲಿ ಕೂತು ಹಾಡು ಕೇಳುವವರಿಗಾಗಿ ಮಾಡಿದ ಯಂತ್ರ ಕೊನೆಗೆ ಡಿಜೆಗಳ ವಾದ್ಯವೇ ಆಯಿತು.

1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಬರುವವರೆಗೆ ಈ ಸಂಗೀತ ಊರೂರಿಗೆ ಹೋದದ್ದು ಕೈಯಿಂದ ಕೈಗೆ ದಾಟಿದ ಕ್ಯಾಸೆಟ್‌ಗಳಲ್ಲಿ. ಕ್ಯಾಸೆಟ್ಟಿನ ಈ ಮಹಿಮೆಯನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಆಮೇಲೆ ಬಂದದ್ದು ಸ್ಯಾಂಪ್ಲರ್. 1987ರ ಎಸ್‌ಪಿ-1200 ಯಂತ್ರದ ನೆನಪಿನಲ್ಲಿ ಹಿಡಿಯುತ್ತಿದ್ದುದು ಸುಮಾರು 10 ಸೆಕೆಂಡಿನ ಧ್ವನಿ ಮಾತ್ರ. ಹುಡುಗರು 33ರ ರೆಕಾರ್ಡನ್ನು 45ರ ವೇಗದಲ್ಲಿ ಓಡಿಸಿ ತುಂಬಿಕೊಂಡು, ಯಂತ್ರದೊಳಗೆ ನಿಧಾನಗೊಳಿಸಿದರು. ಆ ಕಾಲದ ಹಾಡುಗಳ ಒರಟು ದನಿಗೆ ಈ ಜಿಪುಣತನವೂ ಒಂದು ಕಾರಣ.

ಹಳೆಯ ಧ್ವನಿಮುದ್ರಿಕೆಗಳಿಂದ ಡ್ರಮ್ ಮಾತ್ರವಲ್ಲ, ಮಾಲ್ಕಮ್ ಎಕ್ಸ್ ಕೂಡ ಎದ್ದುಬಂದರು. 1965ರಲ್ಲಿ ಕೊಲೆಯಾದ ಅವರ ಭಾಷಣದ ತುಣುಕುಗಳು 1983ರಲ್ಲಿ 'ನೋ ಸೆಲ್ ಔಟ್' ಎಂಬ ರೆಕಾರ್ಡಿನಲ್ಲಿ, ನಂತರ ಪಬ್ಲಿಕ್ ಎನಿಮಿಯ ಹಾಡಿನಲ್ಲಿ ಕೇಳಿಬಂದವು. ಅವರ ಕಾಲಾನಂತರ ಹುಟ್ಟಿದವರೂ ಆ ದನಿಯನ್ನು ಗುರುತಿಸಿದರು.

1991ರಲ್ಲಿ ಬಿಜ್ ಮಾರ್ಕಿಯ ಹಾಡಿನ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯ ಅನುಮತಿಯಿಲ್ಲದ ಸ್ಯಾಂಪಲನ್ನು ಕಳವೆಂದೇ ಕಂಡಿತು. ಕಂಪನಿಗಳು ದುಬಾರಿ ಪರವಾನಗಿ ಕೇಳತೊಡಗಿದವು. ಕಳವಿನ ಮಾತು ಬಂದಾಗಲೆಲ್ಲ ನನಗೆ ನೆನಪಾಗುವವನು ಕ್ಲೈಡ್ ಸ್ಟಬಲ್‌ಫೀಲ್ಡ್. ಜೇಮ್ಸ್ ಬ್ರೌನ್‌ರ 'ಫಂಕಿ ಡ್ರಮ್ಮರ್' ಹಾಡಿಗೆ ಡ್ರಮ್ ನುಡಿಸಿದವನು. ಆ ಕೆಲವು ಸೆಕೆಂಡುಗಳು ನೂರಾರು ಹಾಡುಗಳಿಗೆ ಆಧಾರವಾದವು. ಹಾಡಿನ ಹಕ್ಕಿನಲ್ಲಿ ಅವನ ಹೆಸರಿರಲಿಲ್ಲ. ಹಾಗಾಗಿ ಪರವಾನಗಿಯ ಹಣ ಕಾನೂನುಬದ್ಧವಾಗಿ ಸಂದಾಯವಾದಾಗಲೂ ಅದರಲ್ಲಿ ಅವನಿಗೆ ಹಕ್ಕಿನ ಪಾಲಿರಲಿಲ್ಲ. 2017ರಲ್ಲಿ ಆತ ತೀರಿಕೊಂಡ.