ಬಿಜೆಪಿ ರಾಜ್ಯಾಧ್ಯಕ್ಷರನ್ನು ಆರಿಸೋದು ಯಾರು? ಹೊನ್ನಾಳಿಯಿಂದ ಜಗಳೂರಿನವರೆಗೆ ಒಂದು ನೋಟ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಮೂರು ವಿಧಾನಸಭಾ ಕ್ಷೇತ್ರಗಳಿವೆ. ನ್ಯಾಮತಿ ಬರೋದು ಹೊನ್ನಾಳಿ ಕ್ಷೇತ್ರದೊಳಗೆ. ಬಿಜೆಪಿ ರಾಜ್ಯಾಧ್ಯಕ್ಷ ಸ್ಥಾನದ ಜಗಳ ಏನು ಅಂತ ಯಾರಾದರೂ ಕೇಳಿದರೆ, ನಾನು ಈ ಮೂರು ಕ್ಷೇತ್ರಗಳ ಲೆಕ್ಕದಿಂದಲೇ ಶುರು ಮಾಡ್ತೀನಿ.

2013ರಲ್ಲಿ ಯಡಿಯೂರಪ್ಪ ಹೊರಗೆ ಹೋಗಿ ಕೆಜೆಪಿ ಕಟ್ಟಿದ್ದರು. ರಾಜ್ಯದಲ್ಲಿ ಬಿಜೆಪಿಗೆ 40, ಕೆಜೆಪಿಗೆ 6 ಸ್ಥಾನ ಸಿಕ್ಕವು. ಇಲ್ಲಿನ ಮೂರೂ ಕಾಂಗ್ರೆಸ್ ಪಾಲಾದವು. 2018ರ ಹೊತ್ತಿಗೆ ಅವರು ವಾಪಸ್ ಬಂದಿದ್ದರು, ಮೂರೂ ಬಿಜೆಪಿಗೆ ಬಂದವು. 2023ರಲ್ಲಿ ಮತ್ತೆ ಮೂರೂ ಕಾಂಗ್ರೆಸ್‌ಗೆ. ಜಿಲ್ಲೆಯ ಏಳರಲ್ಲಿ ಬಿಜೆಪಿಗೆ ಉಳಿದದ್ದು ಹರಿಹರ ಒಂದೇ. ಸೋಲಿಗೆ ಕಾರಣ ಹಲವು ಇರಬಹುದು. ಆದರೆ ನಾಯಕತ್ವದ ಪ್ರಶ್ನೆ ಇಲ್ಲಿ ದೂರದ ಬೆಂಗಳೂರಿನ ಸುದ್ದಿ ಅಲ್ಲ.

ನಿಯಮ ಏನು ಹೇಳುತ್ತೆ?

ಬಿಜೆಪಿ ಸಂವಿಧಾನದ ಪ್ರಕಾರ ರಾಜ್ಯಾಧ್ಯಕ್ಷರದ್ದು ಚುನಾಯಿತ ಹುದ್ದೆ, ಅವಧಿ ಮೂರು ವರ್ಷ. ಬೂತ್, ಮಂಡಲ, ಜಿಲ್ಲೆ ಹೀಗೆ ಕೆಳಗಿನಿಂದ ಸಂಘಟನಾ ಚುನಾವಣೆ ಮುಗಿಸಿಕೊಂಡು ಬರಬೇಕು. ಕೊನೆಗೆ ಮತ ಹಾಕೋದು ಸಾಮಾನ್ಯ ಸದಸ್ಯರಲ್ಲ, ಒಂದು ಚುನಾಯಕ ಮಂಡಳಿ. ಅಂದರೆ ಹೊನ್ನಾಳಿಯ ಬೂತ್ ಕಾರ್ಯಕರ್ತನಿಗೆ ನೇರ ಮತ ಇಲ್ಲ. ಕಾಗದದ ಮೇಲೆ ಪರೋಕ್ಷ ಮತವಾದರೂ ಇದೆ.

ನಡೆದದ್ದು ಏನು?

2023ರ ಮೇ 13ರಂದು ಫಲಿತಾಂಶ ಬಂತು, ಬಿಜೆಪಿ 66ಕ್ಕೆ ಇಳಿಯಿತು. ನಳಿನ್ ಕುಮಾರ್ ಕಟೀಲ್ ಜಾಗಕ್ಕೆ ಯಾರು ಅನ್ನೋದು ತಿಂಗಳುಗಟ್ಟಲೆ ತೀರ್ಮಾನ ಆಗಲಿಲ್ಲ. ನವೆಂಬರ್ 10ರಂದು ರಾಷ್ಟ್ರೀಯ ಅಧ್ಯಕ್ಷ ಜೆ.ಪಿ. ನಡ್ಡಾ, ಬಿ.ವೈ. ವಿಜಯೇಂದ್ರ ಅವರನ್ನು ನೇಮಿಸಿದರು. ಅದು ನೇಮಕ, ಚುನಾವಣೆ ಅಲ್ಲ.

ವಿಜಯೇಂದ್ರ ಶಿಕಾರಿಪುರದಿಂದ ಮೊದಲ ಬಾರಿಗೆ ಗೆದ್ದ ಶಾಸಕ, ಯಡಿಯೂರಪ್ಪ ಅವರ ಮಗ. ಹೊನ್ನಾಳಿ ಸೀಮೆಗೆ ಶಿಕಾರಿಪುರ ನೆರೆಮನೆ ಇದ್ದ ಹಾಗೆ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಹೊನ್ನಾಳಿ, ಚನ್ನಗಿರಿ ಇದ್ದದ್ದೂ ಶಿವಮೊಗ್ಗ ಜಿಲ್ಲೆಯಲ್ಲೇ.

ಜಿಲ್ಲೆ ಎರಡಾದದ್ದು ಹೇಗೆ?

ಹೊನ್ನಾಳಿಯ ಮಾಜಿ ಶಾಸಕ ಎಂ.ಪಿ. ರೇಣುಕಾಚಾರ್ಯ ವಿಜಯೇಂದ್ರ ಪರ ಗಟ್ಟಿಯಾಗಿ ನಿಂತರು. ನಾಲ್ಕು ಬಾರಿ ಸಂಸದರಾಗಿದ್ದ ಜಿ.ಎಂ. ಸಿದ್ದೇಶ್ವರ ಮತ್ತು ಹರಿಹರದ ಶಾಸಕ ಬಿ.ಪಿ. ಹರೀಶ್, ಬಸನಗೌಡ ಪಾಟೀಲ ಯತ್ನಾಳ್ ಬಣದಲ್ಲಿ ಕಾಣಿಸಿಕೊಂಡರು. 2024ರ ಲೋಕಸಭಾ ಚುನಾವಣೆಯಲ್ಲಿ ಸಿದ್ದೇಶ್ವರ ಕುಟುಂಬಕ್ಕೆ ಟಿಕೆಟ್ ಕೊಡಬಾರದು ಅಂತ ರೇಣುಕಾಚಾರ್ಯ ಮತ್ತಿತರರು ಪಟ್ಟು ಹಿಡಿದಿದ್ದರು. ಟಿಕೆಟ್ ಗಾಯತ್ರಿ ಸಿದ್ದೇಶ್ವರ ಅವರಿಗೆ ಸಿಕ್ಕಿತು. ಕಾಂಗ್ರೆಸ್‌ನ ಪ್ರಭಾ ಮಲ್ಲಿಕಾರ್ಜುನ್ 26,094 ಮತಗಳಿಂದ ಗೆದ್ದರು.

ವಿಜಯೇಂದ್ರ ಬದಲಾಗಬೇಕು ಅಂತ ಯತ್ನಾಳ್ ಬಣ ದೆಹಲಿಗೆ ಓಡಾಡಿತು. ಚುನಾವಣೆ ನಡೆದರೆ ತಮ್ಮ ಕಡೆಯಿಂದಲೂ ಅಭ್ಯರ್ಥಿ ಇರ್ತಾರೆ ಎಂದಿತು. 2025ರ ಮಾರ್ಚ್ 26ರಂದು ಯತ್ನಾಳ್ ಅವರನ್ನೇ ಪಕ್ಷ ಆರು ವರ್ಷ ಉಚ್ಚಾಟಿಸಿತು.

ಬೇರೆ ಕಡೆ ಹೇಗೆ?

ಬ್ರಿಟನ್‌ನ ಕನ್ಸರ್ವೇಟಿವ್ ಪಕ್ಷದಲ್ಲಿ ಸಂಸದರು ಇಬ್ಬರನ್ನು ಉಳಿಸ್ತಾರೆ, ಸದಸ್ಯರು ಅವರಲ್ಲಿ ಒಬ್ಬರನ್ನು ಆರಿಸ್ತಾರೆ. 2024ರ ನವೆಂಬರ್‌ನಲ್ಲಿ ಕೆಮಿ ಬೇಡನಾಕ್ 53,806 ಮತ ಪಡೆದರು, ರಾಬರ್ಟ್ ಜೆನ್ರಿಕ್ 41,388. ಕೆನಡಾದ ಕನ್ಸರ್ವೇಟಿವ್ ಪಕ್ಷದಲ್ಲಿ ಸದಸ್ಯರ ಮತಗಳನ್ನು ಕ್ಷೇತ್ರವಾರು ಅಂಕಗಳಾಗಿ ಲೆಕ್ಕ ಹಾಕ್ತಾರೆ. ಒಂದು ಕ್ಷೇತ್ರಕ್ಕೆ ಗರಿಷ್ಠ 100 ಅಂಕ. ಆ ಪದ್ಧತಿ ಇಲ್ಲಿದ್ದರೆ ನಾಯಕರಾಗಬೇಕೆಂದವರು ಜಗಳೂರಿಗೂ ಬಂದು ಮತ ಕೇಳಬೇಕಾಗ್ತಿತ್ತು.

ಚುನಾವಣೆ ಇಟ್ಟರೆ ಬಣ ಹೆಚ್ಚೋದಿಲ್ವಾ?

ಇದು ನ್ಯಾಯವಾದ ಆಕ್ಷೇಪಣೆ. ಆದರೆ ಚುನಾವಣೆ ಇಲ್ಲದೆಯೂ ದಾವಣಗೆರೆಯಲ್ಲಿ ಬಣಗಳಿಗೇನೂ ಬರ ಬರಲಿಲ್ಲ. ಮತಪೆಟ್ಟಿಗೆ ಇದ್ದರೆ ಸೋತವರಿಗೆ ತಮ್ಮ ಸೋಲು ಎಷ್ಟು ಮತದ್ದು ಅಂತ ಗೊತ್ತಾಗುತ್ತೆ. ನೇಮಕದಲ್ಲಿ ಸೋತವರಿಗೆ ಸಿಗೋದು ಅನುಮಾನ ಮಾತ್ರ: ಯಾರು ಕಿವಿ ಊದಿದರು, ಯಾರ ಮಗ ಅಂತ ಕೊಟ್ಟರು ಅನ್ನೋದು. ಈ ಮಾತು ವಿಜಯೇಂದ್ರ ಅವರಿಗೂ ಅನ್ಯಾಯವೇ. ಸ್ಪರ್ಧಿಸಿ ಗೆದ್ದಿದ್ದರೆ ಅಪ್ಪನ ಹೆಸರಿನ ಪ್ರಶ್ನೆಗೆ ಅವರ ಬಳಿ ಒಂದು ಸಂಖ್ಯೆ ಇರ್ತಿತ್ತು.

ಕಾಂಗ್ರೆಸ್ ಇದರಲ್ಲಿ ಮೇಲು ಅಂತ ನಾನು ಹೇಳಲ್ಲ. 2020ರ ಮಾರ್ಚ್‌ನಲ್ಲಿ ಡಿ.ಕೆ. ಶಿವಕುಮಾರ್ ಕೆಪಿಸಿಸಿ ಅಧ್ಯಕ್ಷರಾದದ್ದೂ ಹೈಕಮಾಂಡ್ ನೇಮಕದಿಂದಲೇ. ಹಾಗಾಗಿ ನೀವು ಯಾವ ಪಕ್ಷದ ಸದಸ್ಯತ್ವ ತಗೊಂಡಿದ್ದರೂ ಸರಿ, ನಿಮ್ಮ ಮಂಡಲ ಅಥವಾ ಬ್ಲಾಕ್ ಅಧ್ಯಕ್ಷರನ್ನು ಒಂದು ಮಾತು ಕೇಳಿ: ನಿಮ್ಮನ್ನು ಆರಿಸಿದ ಚುನಾವಣೆ ಯಾವತ್ತು ನಡೀತು, ಎಷ್ಟು ಜನ ಮತ ಹಾಕಿದರು? ಅಲ್ಲಿ ಉತ್ತರ ಸಿಗದಿದ್ದರೆ ರಾಜ್ಯಾಧ್ಯಕ್ಷರ ಬಗ್ಗೆ ದೆಹಲಿಯನ್ನು ಕೇಳಿ ಪ್ರಯೋಜನವಿಲ್ಲ.