ಅಳಿದುಹೋದ ಸ್ವರಿತ

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಸುಮಾರು 4,000 ಸೂತ್ರಗಳಿರುವುವು. ಅವು ಅಷ್ಟು ಕಿರಿದಾಗಿರುವುದಕ್ಕೆ ಮುಖ್ಯ ಕಾರಣ ಅನುವೃತ್ತಿ. ಎಂದರೆ ಒಮ್ಮೆ ಹೇಳಿದ ಪದವನ್ನು ಮುಂದಿನ ಸೂತ್ರಗಳಲ್ಲಿ ಮರಳಿ ಹೇಳದೆ, ಓದುವವನೇ ತಂದುಕೊಳ್ಳುವಂತೆ ಬಿಡುವುದು. ಆರನೆಯ ಅಧ್ಯಾಯದ ಮೊದಲ ಪಾದದ 77ನೆಯ ಸೂತ್ರವು, ಅಚ್ಚು ಎಂದರೆ ಸ್ವರಾಕ್ಷರವು ಪರವಾದಾಗ, ಇ ಉ ಋ ಌ ಗಳಿಗೆ ಯ ವ ರ ಲ ಗಳನ್ನು ವಿಧಿಸುತ್ತದೆ. ದಧಿ, ಅತ್ರ ಎಂಬೆರಡು ಸೇರಿ ದಧ್ಯತ್ರ ಎಂದಾಗುವುದು ಇದರಿಂದಲೇ. 78ನೆಯದರಲ್ಲಿ ಏ ಓ ಐ ಔ ಗಳಿಗೆ ಅಯ್ ಅವ್ ಆಯ್ ಆವ್ ಎಂಬ ಆದೇಶಗಳಷ್ಟೇ ಇವೆ. ಯಾವುದು ಪರವಾದಾಗ ಎಂಬ ಮಾತೇ ಇಲ್ಲ. ಅದನ್ನು ಹಿಂದಿನ ಸೂತ್ರದಿಂದ ತಾರದಿದ್ದರೆ ವ್ಯಂಜನವು ಪರವಾದಾಗಲೂ ಆದೇಶ ಬಂದು ಭಾಷೆಯೇ ಕೆಡುವುದು.

ಹಾಗಾದರೆ ಯಾವ ಪದ ಮುಂದೆ ಹರಿಯುವುದು, ಎಲ್ಲಿ ನಿಲ್ಲುವುದು? ಪಾಣಿನಿಯು ಇದನ್ನು ಊಹೆಗೆ ಬಿಟ್ಟವನಲ್ಲ. ಮುಂದೆ ಅಧಿಕಾರ ನಡೆಸುವ ಪದಕ್ಕೆ ಸ್ವರಿತವೆಂಬ ಉಚ್ಚಾರಣೆಯೇ ಗುರುತೆಂದು ಸೂತ್ರಿಸಿರುವನು. ಆ ಗುರುತಿನಿಂದ ಆರಂಭ ತಿಳಿಯುವುದೇ ಹೊರತು ಕೊನೆ ತಿಳಿಯದೆಂಬ ಕೊರತೆಯನ್ನು ವಾರ್ತಿಕಕಾರನಾದ ಕಾತ್ಯಾಯನನು ಕಂಡನು. ಅವನ ಪರಿಹಾರ ಬಹು ಸ್ವಾರಸ್ಯವಾದುದು: ಪದಕ್ಕೆ ಒಂದು ಅಕ್ಷರವನ್ನು ಅನುಬಂಧವಾಗಿ ಸೇರಿಸುವುದು, ವರ್ಣಕ್ರಮದಲ್ಲಿ ಆ ಅಕ್ಷರ ಎಷ್ಟನೆಯದೋ ಅಷ್ಟು ಸೂತ್ರಗಳವರೆಗೆ ಆ ಪದ ನಡೆಯುವುದು. ಸೂತ್ರಗಳು ಅಕ್ಷರಗಳ ಎಣಿಕೆಯನ್ನು ಮೀರಿದರೆ 'ಇಂಥದಕ್ಕೆ ಮೊದಲು' ಎಂದು ಬಾಯಿಬಿಟ್ಟು ಹೇಳಬೇಕು.

ಆದರೆ ಕಾಲಗತಿ ಬೇರೆಯಾಯಿತು. ಇಂದು ದೊರೆಯುವ ಸೂತ್ರಪಾಠದಲ್ಲಿ ಅಕ್ಷರಗಳು ಉಳಿದಿವೆ, ಸ್ವರಿತ ಮಾತ್ರ ಉಳಿದಿಲ್ಲ. ಕ್ರಿ. ಶ. 7ನೆಯ ಶತಮಾನದ ಕಾಶಿಕಾವೃತ್ತಿಯು, ಪಾಣಿನೀಯರಿಗೆ ಸ್ವರಿತವು ಪ್ರತಿಜ್ಞೆಯಿಂದ, ಎಂದರೆ ಸಂಪ್ರದಾಯದ ಮಾತಿನಿಂದ, ತಿಳಿಯತಕ್ಕುದೆಂದು ಹೇಳಿ, ಬೇಕಾದಲ್ಲೆಲ್ಲ 'ಈ ಪದವು ನಡೆಯುತ್ತಿದೆ' ಎಂದು ಎತ್ತಿ ತೋರಿಸಿತು. ಪ್ರಯೋಗಕ್ಕೆ ಹೊಂದದ ಕಡೆ ವ್ಯಾಖ್ಯಾತೃಗಳು ಪದವನ್ನು ನಡುವಿನ ಸೂತ್ರಗಳ ಮೇಲೆ ಕಪ್ಪೆಯಂತೆ ನೆಗೆಸಿದುದೂ ಉಂಟು. ಮಂಡೂಕಪ್ಲುತಿಯೆಂಬ ಈ ಉಪಾಯವು ಶಿಷ್ಯನಿಗಿಂತ ಗುರುವಿಗೇ ಹೆಚ್ಚು ಅನುಕೂಲವೆನ್ನಬೇಕು.

ಭಟ್ಟೋಜಿದೀಕ್ಷಿತನು ಸಿದ್ಧಾಂತಕೌಮುದಿಯಲ್ಲಿ ಸೂತ್ರಗಳ ಕ್ರಮವನ್ನೇ ಬಿಡಿಸಿ, ವಿಷಯಾನುಸಾರವಾಗಿ ಜೋಡಿಸಿದನು. ನೆರೆಹೊರೆಯಾಗಿದ್ದ ಮೇಲಿನ ಎರಡು ಸೂತ್ರಗಳು ಅಲ್ಲಿ 47 ಮತ್ತು 61ನೆಯವಾದುವು. ನಂಟು ಕಡಿದುದರಿಂದ 'ಅಚ್ಚು ಪರವಾದಾಗ' ಎಂಬುದನ್ನು ವೃತ್ತಿಯಲ್ಲಿ ಅವನೇ ತುಂಬಿದನು. ವಿದ್ಯಾರ್ಥಿಗೆ ರೂಪಸಿದ್ಧಿ ಬೇಗ ಬಂದಿತು, ನಿಜ. ಸೂತ್ರದಲ್ಲಿಲ್ಲದ ಆ ಮಾತು ವೃತ್ತಿಗೆ ಎಲ್ಲಿಂದ ಬಂದಿತೆಂದು ಕೇಳಿದರೆ, ಅಷ್ಟಾಧ್ಯಾಯಿಯನ್ನು ಕ್ರಮವಾಗಿ ಪಾಠಮಾಡದವನು ಇಂದಿಗೂ ಸುಮ್ಮನಾಗುವನು.